ಮೂರು ಸಾವಿರ ಜಾಸ್ತಿ ಕೊಡುವ ಅಂಗಡಿಗೆ ಹೋಗಲಾ, ಬೇಳೆ ಮಿಲ್ಲಿಗೆ ಹೋಗಲಾ? (ಕಲಬುರಗಿ)

ಕಮಲಾಪುರದ ಬಿಕಾಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ಬಿಕಾಂ ಆಗಿದೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಕೆಲಸ ಎಲ್ಲಾ ಬರುತ್ತದೆ. ಊರು ಕಮಲಾಪುರದ ಹತ್ತಿರ. ಹೌದು, ಕೆಂಪು ಬಾಳೆಹಣ್ಣಿನ ಕಮಲಾಪುರವೇ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಓಡಾಡುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚಿಲ್ಲ. ಬೆಳಿಗ್ಗೆ ಹೊತ್ತು ಕಾಲಿಡಲೂ ಜಾಗ ಇರುವುದಿಲ್ಲ, ಅದು ಬೇರೆ ಮಾತು.

ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಸೂಪರ್ ಮಾರ್ಕೆಟ್ ಏರಿಯಾದ ದೊಡ್ಡ ಅಂಗಡಿ. ಎಸಿ ಇದೆ, ಮೇಲಿನ ಮಹಡಿಯಲ್ಲಿ ಆಫೀಸು, ನೋಡಲು ಚೆಂದ. ಇನ್ನೊಂದು ಕಪನೂರು ಇಂಡಸ್ಟ್ರಿಯಲ್ ಏರಿಯಾದ ತೊಗರಿ ಬೇಳೆ ಮಿಲ್ಲು. ಧೂಳು, ಶಬ್ದ, ತಗಡಿನ ಶೆಡ್ಡಿನ ಪಕ್ಕ ಒಂದು ರೂಮು. ಅಂಗಡಿಯವರು ತಿಂಗಳಿಗೆ ಮೂರು ಸಾವಿರ ಜಾಸ್ತಿ ಹೇಳಿದ್ದಾರೆ. ಮಿಲ್ಲು ಹುಮನಾಬಾದ್ ರೋಡಿನಲ್ಲೇ ಇರುವುದರಿಂದ ನಮ್ಮ ಬಸ್ಸು ಹತ್ತಿರವೇ ಇಳಿಸುತ್ತದೆ.

ಹಣ ನೋಡಿ ಹೋಗುವುದಾದರೆ ಇಲ್ಲಿ ಕೇಳುತ್ತಲೇ ಇರಲಿಲ್ಲ. ಆದರೆ ಹಿಂದೆ ಕೆಲಸ ಮಾಡಿದ ಜಾಗ (ಹೆಸರು ಬೇಡ) ನನಗೆ ಸಾಕುಸಾಕು ಮಾಡಿದೆ. ಅಲ್ಲೂ ಸಂಬಳದ ಅಂಕಿ ಚೆನ್ನಾಗಿಯೇ ಇತ್ತು. ಯಾವಾಗ ಕೈಗೆ ಬರುತ್ತದೆ ಅನ್ನುವುದು ಮಾತ್ರ ದೇವರಿಗೇ ಗೊತ್ತು. ಈ ವಾರ, ಬರುವ ವಾರ, ಪಾರ್ಟಿ ಪೇಮೆಂಟ್ ಬರಲಿ ಅಂತ ತಳ್ಳುತ್ತಿದ್ದರು. ರಜೆ ಬೇಕಿದ್ದರೆ ಗಿರಾಕಿಗಳ ಎದುರಿಗೇ ಮಾಲೀಕರ ಟೇಬಲ್ ಮುಂದೆ ನಿಲ್ಲಬೇಕು. ಅವರು ಮನೆಯಲ್ಲಿ ಊಟ ಮಾಡುತ್ತಾ ಮೊಬೈಲಿನಲ್ಲಿ ಸಿಸಿಟಿವಿ ನೋಡುತ್ತಿದ್ದರು. ಕುರ್ಚಿ ಬಿಟ್ಟು ಎದ್ದರೆ ಸಾಕು, ಫೋನ್ ಬರುತ್ತಿತ್ತು: 'ಎಲ್ಲಿಗೆ ಹೊರಟಿ?' ಗೋಡೆಯ ಮೇಲೆ 'ಕಾಯಕವೇ ಕೈಲಾಸ' ಅಂತ ದೊಡ್ಡ ಬೋರ್ಡು ಬೇರೆ.

ಓದುವಾಗ ನಮಗೆ ಹರ್ಜ್‌ಬರ್ಗ್ ಅನ್ನುವವನ ಪಾಠ ಇತ್ತು. ಅಮೆರಿಕದಲ್ಲಿ ಎಂಜಿನಿಯರ್‌ಗಳನ್ನು, ಅಕೌಂಟೆಂಟ್‌ಗಳನ್ನು ಕೂರಿಸಿ ಕೇಳಿ 1959ರಲ್ಲಿ ಬರೆದದ್ದು. ಸಂಬಳ, ಜಾಗ, ಮೇಲಿನವರ ವರ್ತನೆ ಸರಿ ಇಲ್ಲದಿದ್ದರೆ ಮನಸ್ಸು ಕೆಡುತ್ತದೆ. ಆದರೆ ಅವೆಲ್ಲ ಸರಿ ಇದ್ದ ಮಾತ್ರಕ್ಕೆ ಕೆಲಸ ಇಷ್ಟ ಆಗುತ್ತದೆ ಅಂತೇನಿಲ್ಲ, ಇಷ್ಟ ಆಗಲು ಬೇರೆಯೇ ಏನೋ ಬೇಕು ಅನ್ನುವುದು ಅವನ ವಾದ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದು ಮರೆತಿದ್ದೆ. ಆ 'ಬೇರೆ ಏನೋ' ನಮ್ಮ ಕಲಬುರಗಿಯಲ್ಲಿ ಯಾವುದು? ಸೇರುವ ಮೊದಲೇ ಹೊರಗಿನಿಂದ ಅದನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ. ಮನೆಯಲ್ಲಿ ಕೇಳಿದರೆ '371(ಜೆ) ಮೀಸಲಾತಿ ಇದೆಯಲ್ಲಾ, ಸುಮ್ನೆ ಸರ್ಕಾರಿ ನೌಕರಿಗೆ ಓದು' ಅನ್ನುತ್ತಾರೆ. ಓದುತ್ತಿದ್ದೇನೆ. ಅಲ್ಲಿಯವರೆಗೆ ಹೊಟ್ಟೆ ಕೇಳಬೇಕಲ್ಲ.


ಸೇಡಂ ರೋಡ್:

ರೊಕ್ಕ ಜಾಸ್ತಿ ಇರುವ ಕಡೆ ಹೋಗಿ. ಎಸಿ ಬೇರೆ ಇದೆ. ಕಲಬುರಗಿ ಬೇಸಿಗೆಯಲ್ಲಿ ಇನ್ನೇನು ಬೇಕು?


ಮಿಲ್ ದಿವಾನ್ಜಿ:

ತಂಗಿ, ನಾನು ಒಂದು ಬೇಳೆ ಮಿಲ್ಲಿನ ದಿವಾನ್ಜಿ, ಲೆಕ್ಕಪತ್ರ ನೋಡುವವನು. ನೀನು ಹೇಳಿದ ಮಿಲ್ಲು ಅಲ್ಲ, ಬೇರೆ. ಗಂಜ್‌ನ (ಕಾಳಿನ ಮಾರುಕಟ್ಟೆಯ) ಅಡತ್ ಅಂಗಡಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಚೀಟಿ ಬರೆಯುವುದರಿಂದ ಶುರು ಮಾಡಿದವನು. ಎಷ್ಟೋ ಸಾಹುಕಾರರನ್ನು ನೋಡಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ಒಂದು ಮಾತು ಹೇಳುತ್ತಾರೆ: ಹಳೆ ಆಳುಗಳು ಎಷ್ಟು ಜನ ಉಳಿದಿದ್ದಾರೆ ನೋಡು, ಜಾಗ ಗೊತ್ತಾಗುತ್ತದೆ ಅಂತ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಕಡೆ ಮುಂಗಡ ಅನ್ನುವುದು ಇದೆ. ಮಗಳ ಮದುವೆಗೆ ಐವತ್ತು ಸಾವಿರ ಕೊಟ್ಟು, ತಿಂಗಳು ತಿಂಗಳು ಒಂದಿಷ್ಟು ಮುರಿದುಕೊಳ್ಳುತ್ತಾ, ಅದು ತೀರುವ ಹೊತ್ತಿಗೆ ಮತ್ತೆ ಕೊಟ್ಟು, ಮನುಷ್ಯನನ್ನು ಹದಿನೈದು ವರ್ಷ ಹಿಡಿದಿಟ್ಟವರನ್ನು ನಾನು ಬಲ್ಲೆ. ಅವರ ಲೆಕ್ಕದ ಪುಸ್ತಕ ನಾನೇ ಬರೆದಿದ್ದೇನೆ. ಅವನು ಉಳಿದದ್ದು ಬಾಕಿಗೆ, ಪ್ರೀತಿಗಲ್ಲ. ಅದಕ್ಕೇ ನಾನು ಬೇರೆ ಎರಡು ನೋಡುತ್ತೇನೆ. ಅಲ್ಲಿ ಕೆಲಸ ಮಾಡುವವರು ತಮ್ಮ ತಮ್ಮನನ್ನೋ ಮಗನನ್ನೋ ಅದೇ ಜಾಗಕ್ಕೆ ಕರೆತಂದಿದ್ದಾರಾ? ಬಿಟ್ಟು ಹೋದವರು ಶರಣಬಸವೇಶ್ವರ ಜಾತ್ರೆಗೆ ಊರಿಗೆ ಬಂದಾಗ ಗೇಟಿನೊಳಗೆ ಬಂದು ಚಹಾ ಕುಡಿದು ಹೋಗುತ್ತಾರಾ? ಪುಣೆಗೆ ಹೋಗಿ ಡ್ರೈವರ್ ಆದ ನಮ್ಮ ಹಳೆ ಹುಡುಗ ವರ್ಷಕ್ಕೊಮ್ಮೆ ಬಂದು ಹಮಾಲರ ಜೊತೆ ಚೀಲದ ಮೇಲೆ ಕೂತು ಹರಟೆ ಹೊಡೆದು ಹೋಗುತ್ತಾನೆ. ಅವನಿಗೆ ನಮ್ಮ ಹತ್ತಿರ ಒಂದು ಪೈಸೆಯ ವ್ಯವಹಾರವಿಲ್ಲ.

ಇನ್ನು ಕೇಳಬೇಕಾದ ಪ್ರಶ್ನೆ ಒಂದೇ: ಎಳ್ಳ ಅಮಾವಾಸ್ಯೆಗೆ ಸೂಟಿ ಕೊಡುತ್ತೀರಾ? ಬೆಂಗಳೂರಿನವರಿಗೆ ಇದು ಅರ್ಥ ಆಗುವುದಿಲ್ಲ. ನಮ್ಮ ಕಡೆ ಅವತ್ತು ಊರೇ ಹೊಲದಲ್ಲಿ ಇರುತ್ತದೆ. ಹೊಲಕ್ಕೆ ಚರಗ (ನೈವೇದ್ಯದ ಅಡುಗೆ) ಚೆಲ್ಲಬೇಕು, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಣ್ಣಬೇಕು. ಆದರೆ ಅದೇ ಹೊತ್ತಿಗೆ ಹೊಸ ತೊಗರಿ ಗಂಜ್‌ಗೆ ಬರಲು ಶುರುವಾಗಿರುತ್ತದೆ. ಸಾಹುಕಾರನಿಗೆ ಒಂದೊಂದು ದಿನವೂ ರೊಕ್ಕ. ಅವತ್ತು ಮಿಲ್ಲು ಬಂದ್ ಇಟ್ಟು, 'ಹೋಗಿ ಬರ್ರಿ, ನಮಗೂ ಒಂದು ಡಬ್ಬಿ ಭಜ್ಜಿ ತರ್ರಿ' ಅನ್ನುವವನ ಹತ್ತಿರ ಕೆಲಸ ಮಾಡಬಹುದು. ರಂಜಾನ್ ತಿಂಗಳಲ್ಲಿ ಲೋಡಿಂಗ್ ಯಾವ ಹೊತ್ತಿಗೆ ಮುಗಿಸುತ್ತಾರೆ ಅನ್ನುವುದನ್ನೂ ನೋಡು. ನಮ್ಮಲ್ಲಿ ಅರ್ಧ ಹಮಾಲರು ರೋಜಾ ಇರುತ್ತಾರೆ. ಸಂಜೆ ಲಾರಿ ಬಂದರೆ ಮರುದಿನ ಬೆಳಿಗ್ಗೆಯೇ ತುಂಬುವುದು. ಡ್ರೈವರ್ ಎಷ್ಟು ಬೇಕಾದರೂ ಕೂಗಾಡಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಿಲ್ಲಿನ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತೊಗರಿಯನ್ನು ಮೊದಲು ಸ್ವಚ್ಛ ಮಾಡಿ, ದಪ್ಪ ಸಣ್ಣ ಬೇರೆ ಮಾಡುತ್ತೇವೆ. ರೋಲರ್‌ಗೆ ಹಾಕಿ ಸಿಪ್ಪೆಗೆ ಗೀರು ಬೀಳಿಸುತ್ತೇವೆ. ಎಣ್ಣೆ ಹಿಡಿಸಿ ರಾಶಿ ಹಾಕಿ ಬಿಡಬೇಕು. ಆಮೇಲೆ ನೀರು ಹಿಡಿಸಿ, ಅಂಗಳದಲ್ಲಿ ಹರವಿ ಒಣಗಿಸಿ ಮತ್ತೆ ಮಿಷನ್‌ಗೆ. ಆಗ ಸಿಪ್ಪೆ ಬಿಟ್ಟು ಕಾಳು ಎರಡು ಹೋಳಾಗುತ್ತದೆ. ಈ ಒಣಗಿಸುವುದಿದೆಯಲ್ಲ, ಅದೇ ಜೀವ ಹಿಂಡುವ ಕೆಲಸ. ಕಾಳಿಗೆ ಬಿಸಿಲು ಬೇಕು, ಅದೇ ಬಿಸಿಲಿನಲ್ಲಿ ಮನುಷ್ಯರು ನಿಂತು ತಿರುವಬೇಕು. ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಆಫೀಸಿನ ಟೈಮೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಫ್ಯಾನಿನ ಕೆಳಗೆ ಕೂರುವವರಿಗೆ ಇಷ್ಟು ಕಾಳಜಿ. ಅಂಗಳದಲ್ಲಿ ನಿಲ್ಲುವವರಿಗೆ?

ನಮ್ಮ ಸಾಹುಕಾರರು ಒಂದು ಬೇಸಿಗೆ ಶುರುವಿನಲ್ಲಿ ಅಂಗಳದ ಹೆಣ್ಣುಮಕ್ಕಳನ್ನು ಆಫೀಸಿನೊಳಗೆ ಕರೆಸಿದರು. ಕೂಡಿಸಿದರು. ಯಾವ ಹೊತ್ತಿಗೆ ಬಂದರೆ ನಿಮಗೆ ಸರಿ ಹೋಗುತ್ತದೆ ಅಂತ ಕೇಳಿದರು. ಪಕ್ಕದ ಮಿಲ್ಲಿನವರಿಗೆ ಸುದ್ದಿ ಗೊತ್ತಾಗಿ ನಕ್ಕರು, ಕೂಲಿಯವರನ್ನು ಟೈಮು ಕೇಳುತ್ತಾರಂತೆ ಅಂತ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರಿಗಿಂತ ಹಿರಿಯಳು ಹೇಳಿದಳು: 'ಐದೂವರಿಗೆ ಬರ್ತೀವ್ರಿ, ಹನ್ನೊಂದಕ್ಕ ಬಿಡ್ರಿ. ಸಂಜಿಗೆ ರಾಶಿ ಮಾಡ್ಲಿಕ್ಕ ಇಬ್ಬರು ಸಾಕು, ಎಲ್ಲರನ್ನೂ ಯಾಕ ನಿಂದರಸ್ತೀರಿ?'

ಆ ಕೊನೆಯ ಮಾತು ನೋಡು. ಸಂಜೆ ಇಬ್ಬರು ಸಾಕು ಅನ್ನುವುದು ಅವರಿಗೆ ಮೊದಲಿನಿಂದ ಗೊತ್ತು. ಆದರೆ ಕೇಳಿದವರೇ ಇರಲಿಲ್ಲ. ಅವತ್ತಿನಿಂದ ಸರದಿ ಪ್ರಕಾರ ಇಬ್ಬರು ಸಂಜೆ ಬರುತ್ತಾರೆ, ಉಳಿದವರು ಬಸ್ಸು ಹಿಡಿದು ಊರಿಗೆ ಹೋಗುತ್ತಾರೆ. ಪಗಾರ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಮರುವರ್ಷ ಸೀಸನ್ನಿನಲ್ಲಿ ಎಲ್ಲಾ ಮಿಲ್ಲಿನವರೂ ಆಳು ಸಿಗುವುದಿಲ್ಲ ಅಂತ ಒದ್ದಾಡುವಾಗ ನಮ್ಮಲ್ಲಿ ಅಕ್ಕಂದಿರು ತಂಗಿಯರನ್ನು ಕರೆತಂದಿದ್ದರು.

ರೋಲರ್ ನೋಡುವ ಹುಡುಗನದೂ ಹೀಗೆಯೇ. ಕಾಳು ಒಡೆಯುತ್ತಿದೆ ಅನ್ನುವುದು ಅವನಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಒಡೆದದ್ದು ಚುನ್ನಿ, ದನಕ್ಕೆ ಹೋಗುತ್ತದೆ. ಫಟಕಾ (ಒಳ್ಳೆ ದರ್ಜೆಯ) ಬೇಳೆಯ ರೇಟೆಲ್ಲಿ, ಚುನ್ನಿಯ ರೇಟೆಲ್ಲಿ! ಗೇಟಿನಲ್ಲಿ ಲಾರಿ ನಿಂತಿದ್ದರೂ ಅವನು ಯಾರನ್ನೂ ಕೇಳದೆ ಮಿಷನ್ ನಿಲ್ಲಿಸುತ್ತಾನೆ. 'ಯಾಕೆ ನಿಲ್ಲಿಸಿದಿ' ಅಂತ ಯಾರೂ ಬೈಯುವುದಿಲ್ಲ, 'ಏನಾಯಿತು' ಅಂತ ಕೇಳುತ್ತಾರೆ. ಬೈಯುವ ಮಿಲ್ಲಿನಲ್ಲಿ ಹುಡುಗ ಸುಮ್ನೆ ಬೀಡಿ ಸೇದುತ್ತಾ ಕೂರುತ್ತಾನೆ, ಸಂಜೆ ಚುನ್ನಿ ಚೀಲ ಎಣಿಸುವಾಗ ಸಾಹುಕಾರ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ.

ನೀನು ಹೋದಾಗ ಮಾಲೀಕರ ಜೊತೆ ಮಾತಾಡಿದ್ದು ಸಾಕು. ಗೇಟಿನವನ ಹತ್ತಿರ ಐದು ನಿಮಿಷ ನಿಲ್ಲು. ಅವನು ಸಾಹುಕಾರರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾನೋ ಇಲ್ಲವೋ ನೋಡು.


ಯಾದಗಿರಿ ಹುಡುಗ:

ದಿವಾನ್ಜಿ ಕಾಕಾ ಚೆನ್ನಾಗಿ ಬರೆದಿದ್ದಾರೆ. ಆದರೆ ಸಿಟ್ಟು ಮಾಡಿಕೊಳ್ಳಬೇಡಿ, ಒಳ್ಳೆ ಸಾಹುಕಾರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ನಸೀಬು ಅಂದ ಹಾಗಾಯಿತು ಇದು. ನಮ್ಮಂಥವರಿಗೆ ಸಾಹುಕಾರರ ಮುಖವೇ ಕಾಣುವುದಿಲ್ಲ. ನಾನು ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಇದ್ದೇನೆ. ಕೆಲಸ ಕಾರ್ಖಾನೆಯದು, ಹೆಸರು ಕಂಟ್ರಾಕ್ಟರ್ ರಜಿಸ್ಟರಿನಲ್ಲಿ. ಏನು ಕೇಳಿದರೂ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು ತೋರಿಸುತ್ತಾರೆ. ಪರ್ಮನೆಂಟ್ ಆದವರ ಕ್ಯಾಂಟೀನ್ ಊಟ ಬೇರೆ, ನಮ್ಮದು ಬೇರೆ. ಒಂದೇ ಮಿಷನ್ನಿನ ಎರಡು ಬದಿ ನಿಂತವರು ಮಧ್ಯಾಹ್ನ ಎರಡು ಬಾಗಿಲಿನಿಂದ ಹೋಗಿ ಉಣ್ಣುತ್ತೇವೆ.

ಆ ಹರ್ಜ್‌ಬರ್ಗ್ ಕೇಳಿದ್ದು ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಅಂತ ನೀವೇ ಬರೆದಿದ್ದೀರಿ. ಕಂಟ್ರಾಕ್ಟ್ ಲೇಬರ್‌ನವರನ್ನು ಕೇಳಿದ್ದರೆ ಬೇರೆ ಪುಸ್ತಕ ಆಗುತ್ತಿತ್ತು.

ಆದ್ದರಿಂದ ಅಕ್ಕಾ, ಪ್ರೀತಿ ವಿಶ್ವಾಸ ಆಮೇಲೆ. ಮೊದಲು ಕಾಗದ ನೋಡಿ. ಆಫರ್ ಬಾಯಿ ಮಾತಿನಲ್ಲಿದೆಯಾ, ಬರೆದು ಕೊಡುತ್ತಾರಾ? ಪಿಎಫ್ ಇದೆಯಾ? ನಿಮ್ಮ ಪಾಲು 12 ಪರ್ಸೆಂಟ್ ಮುರಿದರೆ ಸಾಲದು, ಅದು ಖಾತೆಗೆ ಹೋಗಬೇಕು. ಇಪಿಎಫ್‌ಒ ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ. ಅಲ್ಲಿ ಈಗಾಗಲೇ ಇರುವ ಒಬ್ಬರ ಪಾಸ್‌ಬುಕ್ಕಿನಲ್ಲಿ ತಿಂಗಳು ತಪ್ಪದೆ ಹಣ ಬಿದ್ದಿದೆಯಾ ಅಂತ ಕೇಳಿ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೇಳಿ. ನಿಮ್ಮಿಂದ ಹೋಗುವುದು ಸಂಬಳದ 0.75 ಪರ್ಸೆಂಟ್ ಮಾತ್ರ, ಅವರು 3.25 ಕಟ್ಟಬೇಕು. ಕಲಬುರಗಿಯಲ್ಲಿ ಸೇಡಂ ರೋಡಿಗೆ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ನಮ್ಮ ಅಪ್ಪನ ಆಪರೇಷನ್ ಹೊತ್ತಿಗೆ ಆ ಕಾರ್ಡ್ ಇಲ್ಲದಿದ್ದರೆ ಹೊಲ ಮಾರಬೇಕಿತ್ತು.

ಇನ್ನು ಏಳನೇ ತಾರೀಖಿನೊಳಗೆ ಪಗಾರ. ಇದು ಮಾಲೀಕರ ದೊಡ್ಡತನ ಅಲ್ಲ, ಸಣ್ಣ ಕಾರ್ಖಾನೆಗಳಿಗೆ 1936ರ ವೇತನ ಪಾವತಿ ಕಾಯ್ದೆಯಿಂದಲೇ ಇರುವ ನಿಯಮ. ಅಜ್ಜನ ಕಾಲದ್ದು.

ನನಗೆ ಈ ಕಾರ್ಖಾನೆ ಇಷ್ಟ ಇಲ್ಲ. ಆದರೆ ಪಿಎಫ್, ಇಎಸ್‌ಐ ಸರಿಯಾಗಿದೆ. ಅದಕ್ಕೇ ಇದ್ದೇನೆ.


ಮಿಲ್ ದಿವಾನ್ಜಿ:

ತಮ್ಮಾ, ನಿನ್ನ ಮಾತು ಖರೆ. ನಮ್ಮ ಮಿಲ್ಲಿನಲ್ಲಿ ಸೀಸನ್ ಹಮಾಲರಿಗೆ ಪಿಎಫ್ ಇಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಸಾಹುಕಾರರು ಒಳ್ಳೆಯವರು ಅನ್ನುವುದು ಪಿಎಫ್ ನಂಬರ್ ಆಗುವುದಿಲ್ಲ.


ಕಮಲಾಪುರದ ಬಿಕಾಂ:

ತುಂಬಾ ಥ್ಯಾಂಕ್ಸ್. ಇಬ್ಬರದೂ ಬರೆದಿಟ್ಟುಕೊಂಡೆ. ಆದರೆ ಕಾಕಾ, ಇಂಟರ್‌ವ್ಯೂನಲ್ಲೇ ಎಳ್ಳ ಅಮಾವಾಸ್ಯೆ ಸೂಟಿ ಕೇಳಿದರೆ 'ಕೆಲಸಕ್ಕೆ ಮೊದಲೇ ರಜೆ ಕೇಳುತ್ತಾಳೆ' ಅನ್ನುವುದಿಲ್ವಾ? ಮತ್ತೆ ಇನ್ನೊಂದು. ಮಿಲ್ಲಿನ ಆಫೀಸಿನಲ್ಲಿ ನಾನೊಬ್ಬಳೇ ಹೆಣ್ಣುಮಗಳು ಆಗುತ್ತೇನೆ. ಅದನ್ನು ಹೇಗೆ ವಿಚಾರಿಸುವುದು ಅಂತ ತಿಳಿಯುತ್ತಿಲ್ಲ.


ನೈಟ್ ಡ್ಯೂಟಿ ಸಿಸ್ಟರ್:

ಕಾಕಾ ಎಲ್ಲಾ ಹೇಳಿದರು, ಟಾಯ್ಲೆಟ್ ಬಗ್ಗೆ ಹೇಳಲಿಲ್ಲ. ಗಂಡಸರಿಗೆ ಅದು ನೆನಪಾಗುವುದೂ ಇಲ್ಲ ಬಿಡಿ. ತಂಗಿ, ವಿಚಾರಿಸಲು ಹೋಗಬೇಡಿ. ಹೋದ ತಕ್ಷಣ 'ವಾಶ್‌ರೂಮ್ ಎಲ್ಲಿದೆ' ಅಂತ ಕೇಳಿ ಹೋಗಿ ನೋಡಿ. ಒಳಗಿನಿಂದ ಚಿಲಕ ಬೀಳುತ್ತದಾ, ನೀರು ಬರುತ್ತದಾ, ಕಸದ ಡಬ್ಬಿ ಇದೆಯಾ. ಕೀಲಿ ಮಾಲೀಕರ ಡ್ರಾಯರಿನಲ್ಲಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಎರಡೂ ಕಡೆ ಇದನ್ನು ಮಾಡಿ. ಎಸಿ ಅಂಗಡಿ ಅಂದ ಮಾತ್ರಕ್ಕೆ ಇರುತ್ತದೆ ಅಂತ ತಿಳಿಯಬೇಡಿ. ನನ್ನ ಅತ್ತಿಗೆ ಸೀರೆ ಅಂಗಡಿಯಲ್ಲಿ ಇದ್ದಳು. ಮೂರು ಮಹಡಿ ಎಸಿ, ಸೇಲ್ಸ್ ಹುಡುಗಿಯರಿಗೆ ಕೂರಲು ಒಂದು ಸ್ಟೂಲ್ ಇಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕು. ಕೂತರೆ ಅಂಗಡಿ ಸೋಮಾರಿಯಾಗಿ ಕಾಣುತ್ತದಂತೆ! ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕಾನೂನೇ ಮಾಡಬೇಕಾಯಿತು ಅಂದರೆ ನೋಡಿ. ಒಂದು ಸ್ಟೂಲಿಗೆ ಕಾನೂನು.

ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕು, 2013ರ ಕಾಯ್ದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಉತ್ತರಕ್ಕಿಂತ ಕೇಳಿದಾಗ ಅವರ ಮುಖ ಹೇಗಾಗುತ್ತದೆ ಅನ್ನುವುದು ಮುಖ್ಯ.

ಇನ್ನು ಕಾಕಾ ರೋಲರ್ ಹುಡುಗನ ಬಗ್ಗೆ ಬರೆದದ್ದು ಓದಿ ನಮ್ಮ ಟ್ರೇನಿಂಗಿನಲ್ಲಿ ಹೇಳಿದ್ದು ನೆನಪಾಯಿತು. ಎಮಿ ಎಡ್ಮಂಡ್‌ಸನ್ ಅಂತ, ಹಾರ್ವರ್ಡ್ ಪ್ರೊಫೆಸರ್. ತೊಂಬತ್ತರ ದಶಕದಲ್ಲಿ ಆಸ್ಪತ್ರೆಯ ವಾರ್ಡ್‌ಗಳನ್ನು ಅಧ್ಯಯನ ಮಾಡಿದರು. ಒಳ್ಳೆ ತಂಡ ಇರುವ ವಾರ್ಡಿನಲ್ಲಿ ಔಷಧಿಯ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಅಂದಾಜು. ಲೆಕ್ಕ ಹಾಕಿದರೆ ಉಲ್ಟಾ. ಒಳ್ಳೆ ವಾರ್ಡಿನಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ! ಆಮೇಲೆ ಹೊಳೆಯಿತು: ಅಲ್ಲಿ ತಪ್ಪು ಜಾಸ್ತಿ ಆಗುತ್ತಿರಲಿಲ್ಲ, ಜನ ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು.

ನಾನು ಈಗಿರುವ ಐಸಿಯುನಲ್ಲಿ ಇದನ್ನು ಕಣ್ಣಾರೆ ಕಂಡೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಮತ್ತು ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ನೋಡಲು ಒಂದೇ ಥರ. ಪೊಟ್ಯಾಸಿಯಂ ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ರಾತ್ರಿ ಎರಡು ಗಂಟೆಗೆ ನೀರು ಅಂತ ತೆಗೆದುಕೊಂಡು, ಒಡೆಯುವ ಮೊದಲು ಲೇಬಲ್ ಓದಿದಳು. ಯಾರೂ ನೋಡಿರಲಿಲ್ಲ. ಸುಮ್ನೆ ವಾಪಸ್ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಎಲ್ಲರ ಮುಂದೆ ಹೇಳಿದಳು. ನಮ್ಮ ಇನ್‌ಚಾರ್ಜ್ ಸಿಸ್ಟರ್ 'ಕಣ್ಣು ಎಲ್ಲಿತ್ತು' ಅನ್ನಲಿಲ್ಲ. 'ಎರಡೂ ಒಂದೇ ಟ್ರೇನಲ್ಲಿ ಯಾಕಿವೆ' ಅಂದರು. ಅರ್ಧ ತಾಸಿನಲ್ಲಿ ಪೊಟ್ಯಾಸಿಯಂ ಬೇರೆ ಕಪಾಟಿಗೆ ಹೋಯಿತು, ಮೇಲೆ ಕೆಂಪು ಪಟ್ಟಿ ಬಿತ್ತು. ಬೇರೆ ಆಸ್ಪತ್ರೆಯಲ್ಲಾಗಿದ್ದರೆ ಆ ಹುಡುಗಿಗೆ ಮೆಮೋ ಸಿಗುತ್ತಿತ್ತು, ಟ್ರೇ ಹಾಗೆಯೇ ಇರುತ್ತಿತ್ತು.

ನನಗೂ ಬೇರೆ ಕಡೆಯಿಂದ ಜಾಸ್ತಿ ಸಂಬಳಕ್ಕೆ ಕರೆ ಬಂದಿತ್ತು. ಆ ಇನ್‌ಚಾರ್ಜ್ ಇರುವವರೆಗೆ ನಾನು ಹೋಗುವುದಿಲ್ಲ.


ಬಿದರಿ ಕೆಲಸದವ:

ಬೀದರಿನಿಂದ ಬರೆಯುತ್ತಿದ್ದೇನೆ. ನಮ್ಮದು ಆಫೀಸು ಅಲ್ಲ, ಬಿದರಿ ಕೆಲಸದ ಸಣ್ಣ ಕಾರ್ಖಾನೆ, ನೆಲದ ಮೇಲೆ ಕೂತು ಕೆತ್ತುವುದು. ಪಿಎಫ್ ಮಾತು ಬಂದರೆ ನಾವು ಇನ್ನೂ ಹಿಂದೆ. ಆದರೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ.

ಬಿದರಿಯಲ್ಲಿ ಕೆಲಸ ಹಂಚಿಕೆ ಆಗಿರುತ್ತದೆ. ಸತು, ತಾಮ್ರ ಕಾಯಿಸಿ ಎರಕ ಹೊಯ್ಯುವವನು ಒಬ್ಬ. ಮೈಲುತುತ್ತದ ನೀರು ಸವರಿ ಮೇಲ್ಮೈ ಕಪ್ಪಾದ ಮೇಲೆ ಅದರ ಮೇಲೆ ಬಳ್ಳಿ, ಹೂವು ಗೀಚುವವನು ಒಬ್ಬ. ಉಳಿಯಿಂದ ಕೆತ್ತುವವನು ಒಬ್ಬ, ಬೆಳ್ಳಿ ತಂತಿ ಬಡಿದು ಕೂರಿಸುವವನು ಇನ್ನೊಬ್ಬ. ಉಜ್ಜಿದ ಮೇಲೆ ಇಡೀ ಪಾತ್ರೆ ಬೂದು ಬಣ್ಣ, ಬೆಳ್ಳಿ ಯಾವುದು, ಬುಡದ ಲೋಹ ಯಾವುದು ಗೊತ್ತೇ ಆಗುವುದಿಲ್ಲ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಬುಡ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಕ್ಷಣದಲ್ಲಿ ಮಾತ್ರ ಕೆಲಸ ಹೇಗೆ ಬಂದಿದೆ ಅಂತ ಕಾಣುತ್ತದೆ.

ನಾನು ಮೊದಲಿದ್ದ ಕಡೆ ಆ ಕೊನೆಯ ಕೆಲಸ ಒಳ ಕೋಣೆಯಲ್ಲಿ ಆಗುತ್ತಿತ್ತು. ಕೆತ್ತಿದ ತುಂಡು ಒಳಗೆ ಹೋದರೆ ಮುಗಿಯಿತು. ನಾನು ಮಾಡಿದ್ದು ಹೂದಾನಿಯೋ ಸುರಾಯಿಯೋ, ಯಾರ ಮನೆ ಸೇರಿತೋ ಏನೂ ಗೊತ್ತಿಲ್ಲ. ಕೈಗೆ ರೊಕ್ಕ ಸರಿಯಾಗಿ ಬರುತ್ತಿತ್ತು, ಸುಳ್ಳು ಹೇಳಬಾರದು. ಈಗಿರುವ ಉಸ್ತಾದ್ ಕಪ್ಪು ಮಾಡುವ ಹೊತ್ತಿಗೆ ಎಲ್ಲರನ್ನೂ ಕೂಗುತ್ತಾರೆ. ಎರಕದವನೂ ಬರುತ್ತಾನೆ, ಹೊಸದಾಗಿ ಕಲಿಯಲು ಬಂದ ಹುಡುಗನೂ ಬರುತ್ತಾನೆ. ನೀರಿನಿಂದ ಎತ್ತಿ ಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿದ ಮೇಲೆ ಪಾತ್ರೆ ಒಂದು ಸುತ್ತು ಎಲ್ಲರ ಕೈಯಲ್ಲೂ ಹೋಗುತ್ತದೆ. 'ಈ ಎಲೆಯ ತುದಿ ಯಾರದು?' ಅಂತ ಕೇಳುತ್ತಾರೆ. ಚೆನ್ನಾಗಿದ್ದರೂ ಕೇಳುತ್ತಾರೆ, ಕೆಟ್ಟಿದ್ದರೂ ಕೇಳುತ್ತಾರೆ. ಕೆಟ್ಟಿದ್ದರೆ ಎಲ್ಲರೂ ನಗುತ್ತಾರೆ, ಉಸ್ತಾದ್ ಸೇರಿ.

ಅಕೌಂಟ್ಸ್ ಕೆಲಸದಲ್ಲಿ ಇದು ಹೇಗೆ ಬರುತ್ತದೋ ನನಗೆ ಗೊತ್ತಾಗುವುದಿಲ್ಲ. ನೀವು ಮಾಡಿದ ಲೆಕ್ಕ ಕೊನೆಗೆ ಏನಾಯಿತು ಅಂತ ನಿಮಗೆ ತೋರಿಸುತ್ತಾರಾ, ಇಲ್ಲಾ ಬರೀ ಎಂಟ್ರಿ ಹೊಡೆದು ಮನೆಗೆ ಹೋಗುವುದಾ, ಅದನ್ನು ಕೇಳಿ ನೋಡಿ.


ಸೇಡಂ ರೋಡ್:

ಇಷ್ಟೆಲ್ಲ ನೋಡುತ್ತಾ ಕೂತರೆ ಎರಡೂ ಕೆಲಸ ಬೇರೆಯವರಿಗೆ ಹೋಗುತ್ತದೆ ಸಿಸ್ಟರ್.


ನೈಟ್ ಡ್ಯೂಟಿ ಸಿಸ್ಟರ್:

ಹೋಗಲಿ ಬಿಡಿ. ಟ್ಯಾಲಿ ಬರುವವರು ಬೇಕು ಅಂತ ಇಡೀ ಊರು ಹುಡುಕುತ್ತಿದೆ.


ಮಿಲ್ ದಿವಾನ್ಜಿ:

ತಂಗಿ, ಎಳ್ಳ ಅಮಾವಾಸ್ಯೆಯನ್ನು ನಿನಗೆ ಅಂತ ಕೇಳಬೇಡ. 'ಅವತ್ತು ಮಿಲ್ಲು ನಡೆಯುತ್ತದಾ ಸರ್, ಹಾಜರಿ ಹೇಗೆ ಹಾಕಬೇಕು' ಅಂತ ಅಕೌಂಟ್ಸ್ ಪ್ರಶ್ನೆಯಂತೆ ಕೇಳು. ನಿನ್ನ ಕೆಲಸವೇ ಅದಲ್ವಾ? ಟಾಯ್ಲೆಟ್ ಮಾತು ಸಿಸ್ಟರ್ ಹೇಳಿದ್ದು ಸರಿ. ನಾಳೆ ನಮ್ಮಲ್ಲಿಯ ಚಿಲಕ ನೋಡುತ್ತೇನೆ.


ಕಮಲಾಪುರದ ಬಿಕಾಂ:

ಎರಡೂ ಕಡೆ ಹೋಗಿ ಬಂದೆ. ಇಲ್ಲಿ ಇಷ್ಟು ಜನ ಬರೆದಿದ್ದೀರಿ, ಹೇಳದೆ ಇದ್ದರೆ ಸರಿ ಆಗುವುದಿಲ್ಲ.

ಅಂಗಡಿಯಲ್ಲಿ ಟಾಯ್ಲೆಟ್ ಚೆನ್ನಾಗಿದೆ, ಸಿಸ್ಟರ್‌ಗೆ ಮೊದಲು ಇದೇ ಹೇಳಬೇಕು. ಪಿಎಫ್ 'ಆರು ತಿಂಗಳು ಆದ ಮೇಲೆ ನೋಡೋಣ' ಅಂದರು. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಯಾಕೆ ಬಿಟ್ಟರು ಅಂತ ಕೇಳಿದೆ. ಮ್ಯಾನೇಜರ್ 'ಅವಳಿಗೆ ಯೋಗ್ಯತೆ ಇರಲಿಲ್ಲ' ಅಂದರು. ಪಕ್ಕದ ಟೇಬಲಿನ ಹುಡುಗ ತಲೆ ಎತ್ತಲೇ ಇಲ್ಲ.

ಮಿಲ್ಲಿನಲ್ಲಿ ಟಾಯ್ಲೆಟ್ ಸುಮಾರಾಗಿದೆ. ಚಿಲಕ ಇದೆ, ಲೈಟ್ ಇಲ್ಲ. ಹೇಳಿದೆ. ಹಾಕಿಸುತ್ತೇವೆ ಅಂದರು. ಹಾಜರಿ ಪ್ರಶ್ನೆ ಕಾಕಾ ಹೇಳಿದ ಹಾಗೆಯೇ ಕೇಳಿದೆ. ಮಾಲೀಕರು ನಕ್ಕು, 'ಅವತ್ತು ನಾನೇ ಇರೋದಿಲ್ಲವ್ವಾ, ಹೊಲದಾಗ ಇರ್ತೀನಿ' ಅಂದರು. ಪಿಎಫ್ ಆಫೀಸಿನವರಿಗೆಲ್ಲ ಇದೆ, ಹಮಾಲರಿಗೆ ಇಲ್ಲ. ಯಾದಗಿರಿ ತಮ್ಮ ಹೇಳಿದ್ದು ನೆನಪಾಗಿ ಇದನ್ನೂ ಕೇಳಿದ್ದೆ. ಮೂರು ಸಾವಿರದ ವ್ಯತ್ಯಾಸದ ಬಗ್ಗೆ ಮಾತಾಡಿದೆ. ಒಂದು ಸಾವಿರ ಏರಿಸಿದರು, ಉಳಿದದ್ದು ಸೀಸನ್ ನೋಡಿ ಅಂದರು. ಹಳೆ ಅಕೌಂಟೆಂಟ್ ವಯಸ್ಸಾಗಿ ಬಿಡುತ್ತಿದ್ದಾರೆ, ಇನ್ನೂ ಎರಡು ತಿಂಗಳು ಬಂದು ಹೇಳಿಕೊಡುತ್ತಾರಂತೆ. ಗೇಟಿನವರು ದನಿ ತಗ್ಗಿಸಲಿಲ್ಲ. ಸಾಹುಕಾರರಿಗೆ ಸಿಟ್ಟು ಜಾಸ್ತಿ, ಹತ್ತು ನಿಮಿಷದಲ್ಲಿ ಇಳಿಯುತ್ತದೆ ಅಂತ ರಸ್ತೆಗೆ ಕೇಳುವ ಹಾಗೆ ಹೇಳಿದರು.

ಒಂದನೇ ತಾರೀಖಿನಿಂದ ಮಿಲ್ಲಿಗೆ ಹೋಗುತ್ತೇನೆ, ಬರೆದು ಕೊಟ್ಟಿದ್ದಾರೆ. ಕಾಕಾ, ಈಗಲೇ ಒಂದು ಡೌಟ್: ಹೊಟ್ಟು, ಚುನ್ನಿ ಮಾರಿದ್ದಕ್ಕೆ ಜಿಎಸ್‌ಟಿ ಹಾಕಬೇಕಾ? ಹಳೆ ಬಿಲ್ಲಿನಲ್ಲಿ 5 ಪರ್ಸೆಂಟ್ ಕಾಣಿಸಿತು.


ಮಿಲ್ ದಿವಾನ್ಜಿ:

ಅದು 2022ರ ಬಿಲ್ಲು ಇರಬೇಕು, ತಾರೀಖು ನೋಡು. ಬೇಳೆಕಾಳಿನ ಹೊಟ್ಟು, ಚುನ್ನಿಗೆ 2023ರ ಜನವರಿ 1ರಿಂದ ತೆರಿಗೆ ಇಲ್ಲ. ಬೇಳೆಯದು ಬೇರೆ: 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕಿಗೆ 5 ಪರ್ಸೆಂಟ್, 2022ರ ಜುಲೈ 18ರಿಂದ. ದೊಡ್ಡ ಚೀಲದಲ್ಲಿ ಹೋಗುವುದಕ್ಕೆ ಇಲ್ಲ. ಎರಡಕ್ಕೂ ಬೇರೆ ಬೇರೆ ಲೆಡ್ಜರ್ ಮಾಡಿಕೋ, ಇಲ್ಲದಿದ್ದರೆ ರಿಟರ್ನ್ ಹೊತ್ತಿಗೆ ತಲೆ ಕೆಡುತ್ತದೆ. ಹಳೆ ಅಕೌಂಟೆಂಟ್ ಇರುವಾಗಲೇ ಚೀಲದ ಲೆಕ್ಕದ ಪುಸ್ತಕ ಒಮ್ಮೆ ಪೂರ್ತಿ ತಾಳೆ ನೋಡಿಸಿಕೋ.